ಬಾಸೆಲ್‌ನ ಕಪಾಟಿನಲ್ಲಿ ಮಂಗಳೂರಿನ ಕಾಗದಗಳು

ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಿಂದ ಹತ್ತೊಂಬತ್ತನೇ ಶತಮಾನದಲ್ಲಿ ಹಡಗು ಹತ್ತಿದ ಪತ್ರಗಳು, ವರದಿಗಳು, ನಕ್ಷೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಇಂದಿಗೂ ಜೋಪಾನವಾಗಿವೆ. ಬಾಸೆಲ್ ಮಿಷನ್ನಿನ ಈ ದಾಖಲೆ ಭಂಡಾರವನ್ನು ಈಗ ನೋಡಿಕೊಳ್ಳುತ್ತಿರುವುದು ‘ಮಿಷನ್ 21’ ಸಂಸ್ಥೆ.

ಮಿಷನ್ ಹುಟ್ಟಿದ್ದು 1815ರಲ್ಲಿ. ಅದರ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೊಸ ಠಾಣೆ ತೆರೆಯಬೇಕೆ, ಜಾಗ ಕೊಳ್ಳಬೇಕೆ, ಕೊನೆಗೆ ಪಾದ್ರಿ ಮದುವೆಯಾಗಬೇಕೆ? ಎಲ್ಲಕ್ಕೂ ಬಾಸೆಲ್‌ನ ಸಮಿತಿ ಅಪ್ಪಣೆ ಕೊಡಬೇಕಿತ್ತು. ನಡುವೆ ತಿಂಗಳುಗಟ್ಟಲೆ ಸಮುದ್ರದ ದಾರಿ. ಹಾಗಾಗಿ ಸಣ್ಣ ಸಂಗತಿಯನ್ನೂ ಬರೆದೇ ತಿಳಿಸಬೇಕಿತ್ತು. ಆ ಕಟ್ಟುನಿಟ್ಟು ಬರೆಯುವವರನ್ನು ಹೈರಾಣು ಮಾಡಿರಬಹುದು. ಕರಾವಳಿಯ ಚರಿತ್ರೆ ಕೆದಕುವವರಿಗೆ ಮಾತ್ರ ಅದರಿಂದ ದೊಡ್ಡ ಆಸ್ತಿ ದಕ್ಕಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, ನಿಘಂಟಿನ ಕಿಟೆಲ್ ಇಬ್ಬರೂ ಇದೇ ಸಮಿತಿಗೆ ಲೆಕ್ಕ ಒಪ್ಪಿಸುತ್ತಿದ್ದವರು.

ಜೋಡಣೆಯ ಕ್ರಮ ಸರಳ. ದೇಶಕ್ಕೊಂದು ಅಕ್ಷರ: ಭಾರತಕ್ಕೆ ‘ಸಿ’, ಘಾನಾಕ್ಕೆ ‘ಡಿ’. ಪ್ರತಿ ಪಾದ್ರಿಗೂ ಒಂದು ನಂಬರು. 1972ರಿಂದ 2003ರವರೆಗೆ ಭಂಡಾರವನ್ನು ನೋಡಿಕೊಂಡ ಪಾಲ್ ಜೆಂಕಿನ್ಸ್, ಹಳೆಯ ಫೋಟೊಗಳೂ ಪತ್ರಗಳಷ್ಟೇ ಗಟ್ಟಿ ಸಾಕ್ಷ್ಯ ಎಂದು ನಂಬಿದರು. ಅವುಗಳ ಪಟ್ಟಿ ಮಾಡುವ ಕೆಲಸಕ್ಕೆ ಕೈಹಾಕಿದರು. ಆ ಚಿತ್ರಗಳಲ್ಲಿ ಸಾವಿರಾರನ್ನು ಈಗ ಅಂತರ್ಜಾಲದಲ್ಲೇ ನೋಡಬಹುದು.

ಪತ್ರಗಳ ಮಾತು ಬೇರೆ. ಅವುಗಳಲ್ಲಿ ಹೆಚ್ಚಿನವು ‘ಕುರೆಂಟ್’ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ಜರ್ಮನರೇ ಅದನ್ನು ಓದಲು ಪ್ರತ್ಯೇಕವಾಗಿ ಕಲಿಯಬೇಕು. ಕರ್ನಾಟಕದ ವಿಶ್ವವಿದ್ಯಾಲಯಗಳು ನಾಲ್ಕಾರು ತರುಣರಿಗಾದರೂ ಈ ಲಿಪಿ ಕಲಿಸಿದರೆ, ಕನ್ನಡ ಮುದ್ರಣ, ಮಿಷನ್ನಿನ ಹಂಚು ಮತ್ತು ನೇಯ್ಗೆ ಕಾರ್ಖಾನೆಗಳ ಕುರಿತು ಎಷ್ಟೋ ಹೊಸ ಸಂಗತಿಗಳು ಹೊರಬಂದಾವು.

ಆದರೂ ಬಾಸೆಲ್‌ನಲ್ಲಿ ಇರುವುದು ಬಹುಪಾಲು ಪಾದ್ರಿಗಳ ಕಣ್ಣಿಗೆ ಕಂಡ ಊರು. ಇಲ್ಲಿನವರ ಹೆಸರು, ಹುಟ್ಟು, ಮದುವೆ, ಸಾವುಗಳನ್ನು ಹುಡುಕಬೇಕಾದದ್ದು ನಮ್ಮ ಕ್ರೈಸ್ತ ಸಭೆಗಳ ದೀಕ್ಷಾಸ್ನಾನ, ವಿವಾಹ, ಸಮಾಧಿ ಪುಸ್ತಕಗಳಲ್ಲಿ. ಕರಾವಳಿಯ ತೇವ, ಗೆದ್ದಲು, ಬೆಳ್ಳಿಹುಳ ಇವು ಮೂರೂ ಕಾಗದದ ಶತ್ರುಗಳು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವು ಮಿಷನ್ ಕಾಲದ ಪುಸ್ತಕಗಳನ್ನೂ ತಾಳೆಗರಿಗಳನ್ನೂ ಕಾಪಾಡಿಕೊಂಡು ಬಂದಿದೆ. ಊರೂರಿನ ಸಭೆಗಳ ಹಳೆಯ ರಿಜಿಸ್ಟರುಗಳಿಗೂ ಇಂಥ ಆರೈಕೆ ಸಿಗಬೇಕು. ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡುವುದು ತುರ್ತಾಗಿ ಆಗಬೇಕಾದ ಕೆಲಸ.