ಇಸುಬು ಒಳಗಿನ ನಂಜಲ್ಲ

"ಮುಲಾಮು ಹಚ್ಚಬೇಡ ಕಣಮ್ಮ. ಒಳಗಿರೋ ನಂಜೆಲ್ಲ ಹೊರಗೆ ಬರಲಿ. ತಡೆದ್ರೆ ಒಳಕ್ಕೆ ತಿರುಗಿ ದಮ್ಮಾಗುತ್ತೆ."

ಕೂಸಿನ ಕೆನ್ನೆಯಲ್ಲಿ ಇಸುಬು ಕಾಣಿಸಿಕೊಂಡ ಮನೆಯಲ್ಲಿ ಈ ಮಾತು ಕೇಳಿಬರದಿರುವುದು ಅಪರೂಪ. ಹೇಳುವವರು ಅಜ್ಜಿ, ಅತ್ತೆ, ನೀರೆರೆಯಲು ಬರುವಾಕೆ, ಪಕ್ಕದ ಮನೆಯವರು. ಎಲ್ಲರಿಗೂ ಮಗುವಿನ ಮೇಲೆ ಅಕ್ಕರೆಯೇ. ಆದರೂ ಮಕ್ಕಳ ಚರ್ಮದ ಬಗ್ಗೆ ನಮ್ಮಲ್ಲಿ ಓಡಾಡುವ ಮಾತುಗಳಲ್ಲಿ ಇಷ್ಟು ಹಾನಿ ಮಾಡಿದ್ದು ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ಸರಿಯಾಗಿ ಕೆರೆದುಕೊಳ್ಳಲೂ ಬಾರದ ಐದು ತಿಂಗಳ ಮಗು ಅಮ್ಮನ ಹೆಗಲಿಗೆ ಕೆನ್ನೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಸೆರಗಿನ ಮೇಲೆ ಹಳದಿ ನೀರಿನ ಕಲೆ. ರಾತ್ರಿಯೆಲ್ಲ ನಿದ್ದೆಯಿಲ್ಲ, ಬೆಳಗಾದರೆ ಹಾಸಿದ ಬಟ್ಟೆಯಲ್ಲಿ ರಕ್ತದ ಚುಕ್ಕೆ. ಅದನ್ನು ನೋಡಿ ಮನೆಯವರು "ನಂಜು ಇಳೀತಾ ಇದೆ" ಎಂದು ಸಮಾಧಾನಪಡುತ್ತಾರೆ. ಇಳಿಯುತ್ತಿರುವುದು ನಂಜಲ್ಲ. ಅದು ಉರಿಯೂತಕ್ಕೆ ಸಿಕ್ಕಿ ಒಡೆದ ಚರ್ಮದಿಂದ ಜಿನುಗುವ ಮೈನೀರು. ಅದು ಜೇನುಬಣ್ಣದ ಹಕ್ಕಳೆಯಾಗಿ ಕಟ್ಟಿಕೊಂಡಿದ್ದರೆ ಹೆಚ್ಚಾಗಿ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದೇ ಅರ್ಥ.

ಈ ನಂಬಿಕೆ ತಲೆಕೆಳಗಾಗಿದೆ. ಇಸುಬಿನಲ್ಲಿ ಒಳಗಿನದು ಹೊರಗೆ ಬರುತ್ತಿಲ್ಲ, ಹೊರಗಿನದು ಒಳಗೆ ಹೋಗುತ್ತಿದೆ. ಚರ್ಮದ ಮೇಲ್ಪದರವೆಂದರೆ ಇಟ್ಟಿಗೆ ಗೋಡೆ ಇದ್ದಂತೆ: ಜೀವಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬಿನಂಶವೇ ಗಾರೆ. ಇಸುಬಿನ ಮಗುವಿನಲ್ಲಿ ಈ ಗಾರೆ ಉದುರಿದೆ. ನೀರಿನಂಶ ಆರಿಹೋಗುತ್ತದೆ, ಸೋಪು, ಧೂಳು, ಬೆವರು, ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತವೆ, ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ. ಚರ್ಮವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದರೆ ಇಸುಬು ಬರುವ ಸಂಭವ ಬಹಳ ಹೆಚ್ಚು ಎಂಬುದು 2006ರಲ್ಲೇ ಗೊತ್ತಾಗಿದೆ. ಬಾಣಂತಿ ತಿಂದ ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ.

"ಹಾಗಾದ್ರೆ ಇಸುಬು ಇದ್ದ ಮಗುವಿಗೆ ಆಮೇಲೆ ದಮ್ಮು ಬಂದದ್ದನ್ನ ನಾವೇ ಕಣ್ಣಾರೆ ಕಂಡಿದ್ದೀವಲ್ಲ?" ಎಂದು ಕೇಳುತ್ತಾರೆ. ಕಂಡಿರುವುದು ನಿಜ, ತೆಗೆದ ತೀರ್ಮಾನ ತಪ್ಪು. ಅಲರ್ಜಿಯ ಮೈಗುಣವಿರುವ ಮಕ್ಕಳಲ್ಲಿ ಮೊದಲ ವರ್ಷದಲ್ಲಿ ಇಸುಬು, ಕೆಲವರಿಗೆ ಜೊತೆಯಲ್ಲೇ ಆಹಾರದ ಅಲರ್ಜಿ, ಮುಂದೆ ಉಬ್ಬಸ, ಮೂಗು ಸೋರುವುದು ಹೀಗೆ ಒಂದರ ಹಿಂದೆ ಒಂದು ಬರುವುದುಂಟು. ಮುಲಾಮು ಮುಟ್ಟಿಸದ ಮಕ್ಕಳಲ್ಲೂ ಹೀಗೇ ಬರುತ್ತದೆ. ಇಸುಬು ಜೋರಾಗಿದ್ದಷ್ಟೂ ಉಬ್ಬಸದ ಸಂಭವ ಹೆಚ್ಚು. ಜೋರಾಗಿದ್ದ ಮಕ್ಕಳಿಗೇ ಮುಲಾಮೂ ಹೆಚ್ಚು ಬೇಕಾಗುತ್ತದೆ. ದೂರದಿಂದ ನೋಡಿದವರು ಮುಲಾಮಿನ ಮೇಲೆ ತಪ್ಪು ಹೊರಿಸುತ್ತಾರೆ.

ಇದು ನಮ್ಮ ಅಜ್ಜಿಯರ ಮಾತು ಮಾತ್ರವಲ್ಲ. ಹೋಮಿಯೋಪತಿಯ ಜನಕ ಹಾನೆಮನ್ ಜರ್ಮನಿಯಲ್ಲಿ 1828ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಜ್ಜಿಯಂಥ ಚರ್ಮದ ತುರಿಯನ್ನು ಮೇಲಿನಿಂದ ಅದುಮಿದರೆ ಅದು ಒಳಗಿಳಿದು ದೀರ್ಘಕಾಲದ ಕಾಯಿಲೆಗಳಾಗುತ್ತದೆ ಎಂದು ವಾದಿಸಿದ್ದ. ಕಜ್ಜಿಗೆ ಕಾರಣ ಚರ್ಮ ಕೊರೆಯುವ ಒಂದು ಹುಳು ಎಂದು ಇಟಲಿಯವರು 1687ರಲ್ಲೇ ಬರೆದಿಟ್ಟಿದ್ದರೂ ಆ ವಾದ ಸಾಯಲಿಲ್ಲ. ಇವತ್ತಿಗೂ "ಮುಲಾಮು ರೋಗವನ್ನು ಅದುಮುತ್ತದೆ" ಎಂದು ಓದಿದವರೇ ಹೇಳುತ್ತಾರೆ.

ಹೊರಗಿನದು ಒಳಹೋಗುತ್ತದೆ ಎನ್ನುವುದಕ್ಕೆ ಪುರಾವೆ ಬೇಕಾದಷ್ಟಿದೆ. ಜಪಾನಿನಲ್ಲಿ ಗೋಧಿಯ ಪ್ರೋಟೀನ್ ಬೆರೆಸಿದ ಮುಖದ ಸೋಪು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು. ಅಲ್ಲಿಯವರೆಗೆ ಗೋಧಿ ತಿಂದು ಆರಾಮಾಗಿದ್ದವರವರು. ಕಡಲೆಕಾಯಿ ಎಣ್ಣೆ ಇರುವ ಕ್ರೀಮನ್ನು ಮೈಯ ಗಂದೆಗಳಿಗೆ ಹಚ್ಚಿಸಿಕೊಂಡ ಕೂಸುಗಳಲ್ಲಿ ಕಡಲೆಕಾಯಿ ಅಲರ್ಜಿ ಹೆಚ್ಚು ಎಂದು ಬ್ರಿಟನ್ನಿನ ಒಂದು ಅಧ್ಯಯನ 2003ರಲ್ಲಿ ತೋರಿಸಿತು. ಬಾಯಿಯ ದಾರಿ ಇದಕ್ಕೆ ಉಲ್ಟಾ. 2015ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗದಲ್ಲಿ ಜೋರು ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ವರ್ಷದಲ್ಲೇ ಕಡಲೆಕಾಯಿ ತಿನಿಸಲು ಶುರುಮಾಡಿದರು, ಇನ್ನೊಂದಕ್ಕೆ ಐದು ವರ್ಷ ಮುಟ್ಟಿಸಲಿಲ್ಲ. ತಿಂದವರಲ್ಲಿ ಅಲರ್ಜಿ ನೂರಕ್ಕೆ 80ರಷ್ಟು ಕಡಿಮೆಯಾಯಿತು. ಆದರೆ ಜೋರು ಇಸುಬಿರುವ ಮಗುವಿಗೆ ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಇಡೀ ಕಾಳು ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ನುಣ್ಣಗೆ ಮಾಡಿಯೇ ಕೊಡಬೇಕು.

ಇಷ್ಟಾದರೂ ನಾವು ಮಾಡುವುದೇನು? ಹಾಲೂಡಿಸುವ ತಾಯಿಗೆ ಮೊಟ್ಟೆ, ಮೀನು, ಬೇಳೆ, ಕೊನೆಗೆ ಹಾಲನ್ನೂ ಬಿಡಿಸುತ್ತೇವೆ. ಮಗುವಿನ ಇಸುಬು ಅಲ್ಲೇ ಇರುತ್ತದೆ, ತಾಯಿ ಸೊರಗುತ್ತಾಳೆ. ಜೊತೆಗೆ "ನಿನ್ನ ಹಾಲೇ ನಂಜು" ಎಂಬ ಮಾತನ್ನೂ ಅವಳೇ ಕೇಳಿಸಿಕೊಳ್ಳಬೇಕು. ನಿರ್ದಿಷ್ಟ ಆಹಾರದ ಅಲರ್ಜಿ ಖಚಿತವಾಗಿ ವೈದ್ಯರು ಹೇಳಿದಾಗ ಬಿಟ್ಟು ಉಳಿದಂತೆ ಈ ಪಥ್ಯ ಬೇಡ.

ಇನ್ನು ಸ್ಟಿರಾಯ್ಡ್ ಭಯ. ವೈದ್ಯರು ಬರೆದ ಟ್ಯೂಬಿನಿಂದ ಸಾಸಿವೆ ಕಾಳಿನಷ್ಟು ತೆಗೆದು ಎರಡು ದಿನ ಸವರಿ, ಕೆಂಪು ಸ್ವಲ್ಪ ಮಾಸುತ್ತಲೇ ನಿಲ್ಲಿಸಿ, "ನೋಡಿ, ಮತ್ತೆ ಬಂತು" ಎನ್ನುತ್ತಾರೆ. ದೊಡ್ಡವರ ತೋರುಬೆರಳಿನ ತುದಿಯ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಬೇಕು. ವೈದ್ಯರು ಹೇಳಿದಷ್ಟು ದಿನ ಹಚ್ಚಲೇಬೇಕು. ಮೂರರಿಂದ ಹನ್ನೆರಡು ತಿಂಗಳ 2,400ಕ್ಕೂ ಹೆಚ್ಚು ಕೂಸುಗಳನ್ನು ಐದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೌಮ್ಯ ಮತ್ತು ಮಧ್ಯಮ ಶಕ್ತಿಯ ಸ್ಟಿರಾಯ್ಡ್ ಮುಲಾಮನ್ನು ಬೇಕಾದಾಗ ಹಚ್ಚಿದ ಮಕ್ಕಳ ಬೆಳವಣಿಗೆಗಾಗಲಿ ರೋಗನಿರೋಧಕ ಶಕ್ತಿಗಾಗಲಿ ಕುಂದು ಕಾಣಲಿಲ್ಲ.

ನಿಜಕ್ಕೂ ಹೆದರಬೇಕಾದ ಜಾಗದಲ್ಲಿ ನಮಗೆ ಹೆದರಿಕೆಯೇ ಇಲ್ಲ. ವೈದ್ಯರು ಬರೆದ ಸೌಮ್ಯ ಮುಲಾಮನ್ನು ದೂರವಿಡುವ ಮನೆಯಲ್ಲೇ, ಮೆಡಿಕಲ್ ಶಾಪಿನವನು ಚೀಟಿಯಿಲ್ಲದೆ ಕೊಟ್ಟ "ತುರಿಕೆ ಕ್ರೀಮ್" ಮಗುವಿನ ಕೆನ್ನೆಗೆ ಏರುತ್ತದೆ. ಅದರಲ್ಲಿ ಬಹಳ ಸಲ ಇರುವುದು ಕ್ಲೊಬೆಟಸಾಲ್‌ನಂಥ ಅತಿ ಪ್ರಬಲ ಸ್ಟಿರಾಯ್ಡ್, ಜೊತೆಗೆ ಬೇಡದ ಎರಡು ಔಷಧಿ. ಇಂಥ ಮುಲಾಮುಗಳ ದುರ್ಬಳಕೆ ಮಿತಿಮೀರಿದ್ದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಹಲವನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. "ಪೂರಾ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಎನ್ನುವ ಡಬ್ಬಿಯನ್ನೂ ಕಣ್ಣುಮುಚ್ಚಿ ನಂಬುತ್ತೇವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇಸುಬಿನ ಮಕ್ಕಳಿಗೆ ಹಚ್ಚುತ್ತಿದ್ದ ಇಂಥ 24 ಮುಲಾಮುಗಳನ್ನು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು: 20ರಲ್ಲಿ ಸ್ಟಿರಾಯ್ಡ್ ಇತ್ತು.

ಉಳಿದ ಮಾತುಗಳಿಗೆ ಒಂದೆರಡು ವಾಕ್ಯ ಸಾಕು. ಇಸುಬು ಅಂಟುರೋಗವಲ್ಲ, ಮಗುವನ್ನು ಎಲ್ಲರೂ ಎತ್ತಿಕೊಳ್ಳಬಹುದು. ಬಾಯಿಯ ಬಳಿ ಸರ್ಪಿನ ಗುಳ್ಳೆ ಎದ್ದವರು ಮಾತ್ರ ಮುದ್ದಿಡಬಾರದು. ಹೊಗೆಯಾಡುವ ಬಿಸಿನೀರು, ಕಡಲೆಹಿಟ್ಟಿನ ಉಜ್ಜಾಟ, ಸಾಂಬ್ರಾಣಿ ಹೊಗೆ ಮೂರೂ ಕೆರಳಿಸುತ್ತವೆ. ಉಗುರುಬೆಚ್ಚನೆಯ ನೀರಲ್ಲಿ ಐದು-ಹತ್ತು ನಿಮಿಷದ ಸ್ನಾನ ದಿನಾ ಆಗಬಹುದು. ಮೈ ಒತ್ತಿ ಒರೆಸಿ, ಇನ್ನೂ ತೇವ ಇರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ಮೈತುಂಬ ಇಸುಬಿರುವ ಮಗುವಿಗೆ ವಾರಕ್ಕೆ 250 ಗ್ರಾಂ ಕೂಡ ಬೇಕಾಗುತ್ತದೆ. ಬೇವಿನೆಣ್ಣೆಯನ್ನು ಕೂಸಿಗೆ ಕುಡಿಸುವುದು ಪ್ರಾಣಕ್ಕೇ ಅಪಾಯ. ನಾಗನಿಗೆ ತನು ಎರೆಯುವುದು ನಿಮ್ಮ ಭಕ್ತಿ, ಆದರೆ ಅದಕ್ಕಾಗಿ ಔಷಧಿ ನಿಲ್ಲಿಸಬೇಡಿ. ಜ್ವರದ ಜೊತೆ ಗುಂಪುಗುಂಪಾಗಿ ನೀರ್ಗುಳ್ಳೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಮಗೆ ಕೊರತೆಯಿರುವುದು ಔಷಧಿಯದ್ದಲ್ಲ. ವಾಟ್ಸ್ಆ್ಯಪಿನಲ್ಲಿ ಬಂದದ್ದನ್ನು, ಹಿರಿಯರು ಹೇಳಿದ್ದನ್ನು, ಡಬ್ಬಿಯ ಮೇಲೆ ಅಚ್ಚಾದದ್ದನ್ನು ಪ್ರಶ್ನೆಯಿಲ್ಲದೆ ಒಪ್ಪುತ್ತೇವೆ. ಮಗುವನ್ನು ಪರೀಕ್ಷಿಸಿದ ವೈದ್ಯರ ಮಾತನ್ನು ಮಾತ್ರ ಹತ್ತು ಕಡೆ ವಿಚಾರಿಸುತ್ತೇವೆ. ಅನುಮಾನಪಡುವುದು ಒಳ್ಳೆಯದೇ, ಎಲ್ಲದರ ಮೇಲೂ ಪಡೋಣ. ಹೇಳಿದವರಿಗೆ ಏನೂ ನಷ್ಟವಿಲ್ಲ. ನಿದ್ದೆಗೆಡುವುದು ಕೂಸು, ಜೊತೆಗೆ ಅದನ್ನು ಹೆಗಲಿಗೆ ಹಾಕಿಕೊಂಡ ತಾಯಿ. ಬಹುಪಾಲು ಮಕ್ಕಳಲ್ಲಿ ಈ ಕಾಯಿಲೆ ಬೆಳೆಯುತ್ತಾ ಹಗುರಾಗುತ್ತದೆ. ಅಲ್ಲಿಯವರೆಗೆ ಅವರು ಕೆರೆದುಕೊಂಡೇ ಬೆಳೆಯಬೇಕಾದ ಅಗತ್ಯ ಖಂಡಿತ ಇಲ್ಲ.