ಮಣಿಕಟ್ಟಿನ ಇಸಿಜಿಗೆ ಕಾಣುವುದೆಷ್ಟು?

ಎದೆ ಹಿಂಡಿದಂತಾಗಿ, ಎಡಗೈ ಜೋಮು ಹಿಡಿದು, ಮೈ ಬೆವರಿದಾಗ ಮನೆಯಲ್ಲಿ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’. ಈ ಮಾತಿಗೆ ಈಗ ಹೊಸದೊಂದು ಸಾಕ್ಷಿ ಸಿಕ್ಕಿದೆ: ಕೈಯಲ್ಲಿರುವ ಸ್ಮಾರ್ಟ್‌ವಾಚ್. ಅದರ ಗುಂಡಿಯ ಮೇಲೆ ಅರ್ಧ ನಿಮಿಷ ಬೆರಳಿಟ್ಟರೆ ಇಸಿಜಿಯ ಗೆರೆ ಮೂಡುತ್ತದೆ, ಕೆಳಗೆ ‘ಸೈನಸ್ ರಿದಮ್’ ಎಂಬ ಬರಹ ಬರುತ್ತದೆ. ಆಸ್ಪತ್ರೆಯಲ್ಲಿ ತೆಗೆಯುವುದೂ ಇಸಿಜಿ, ಇದೂ ಇಸಿಜಿ. ಗೆರೆ ಸರಿಯಿದ್ದ ಮೇಲೆ ಹಾರ್ಟ್ ಅಟ್ಯಾಕ್ ಅಲ್ಲ ಎಂದುಕೊಂಡು ಒಂದು ಲೋಟ ಜೀರಿಗೆ ಕಷಾಯ ಕುಡಿದು ಮಲಗಿದರಾಯಿತು ಎಂಬ ತೀರ್ಮಾನ ಸಹಜವಾಗಿಯೇ ಕಾಣುತ್ತದೆ. ಆದರೆ ಅದು ಪ್ರಾಣಕ್ಕೆ ಎರವಾಗುವಂಥ ತಪ್ಪು ತೀರ್ಮಾನ.

ಕಾರಣ ಆ ಗೆರೆ ಹುಟ್ಟುವ ಬಗೆಯಲ್ಲೇ ಇದೆ. ವಾಚಿನ ಹಿಂಬದಿ ಒಂದು ಕೈಯನ್ನು ಮುಟ್ಟಿರುತ್ತದೆ, ಗುಂಡಿಯ ಮೇಲೆ ಇನ್ನೊಂದು ಕೈಯ ಬೆರಳಿರುತ್ತದೆ. ಈ ಎರಡು ಬಿಂದುಗಳ ನಡುವಿನ ವಿದ್ಯುತ್ ವ್ಯತ್ಯಾಸವನ್ನಷ್ಟೇ ಅದು ಬರೆಯುತ್ತದೆ. ಅಂದರೆ ಹೃದಯವನ್ನು ಒಂದೇ ದಿಕ್ಕಿನಿಂದ ನೋಡುತ್ತದೆ. ಆಸ್ಪತ್ರೆಯ ಯಂತ್ರ ಕೈಕಾಲುಗಳಿಗೂ ಎದೆಯ ಆರು ಕಡೆಗೂ ತಂತಿ ಅಂಟಿಸಿ ಹನ್ನೆರಡು ದಿಕ್ಕುಗಳಿಂದ ನೋಡುತ್ತದೆ. ಹೃದಯಾಘಾತವಾದಾಗ ರಕ್ತನಾಳವೊಂದು ಕಟ್ಟಿಕೊಂಡು ಹೃದಯದ ಸ್ನಾಯುವಿನ ಒಂದು ಭಾಗ ಮಾತ್ರ ರಕ್ತವಿಲ್ಲದೆ ಒದ್ದಾಡುತ್ತಿರುತ್ತದೆ. ಅದರ ಗುರುತು ಆ ಭಾಗದತ್ತ ಮುಖ ಮಾಡಿದ ಗೆರೆಗಳಲ್ಲಿ ಮೂಡುತ್ತದೆ, ಉಳಿದವುಗಳಲ್ಲಿ ಮೂಡದಿರಬಹುದು. ಬೀದಿ ಬದಿಯ ಕಿಟಕಿಯಿಂದ ಇಣುಕಿದವನಿಗೆ ಹಿತ್ತಿಲ ಕೊಟ್ಟಿಗೆಗೆ ಬಿದ್ದ ಬೆಂಕಿ ಕಾಣುವುದಿಲ್ಲ. ಹನ್ನೆರಡು ದಿಕ್ಕಿನ ಇಸಿಜಿಯೇ ಮೊದಲ ಸಲ ಸರಿಯಾಗಿ ಬಂದು ಆಮೇಲೆ ಕೆಡುವುದುಂಟು. ಅದಕ್ಕೇ ವೈದ್ಯರು ಮತ್ತೆ ಮತ್ತೆ ಇಸಿಜಿ ತೆಗೆಯುತ್ತಾರೆ, ಟ್ರೊಪೋನಿನ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಆಪಲ್ ವಾಚ್‌ನ ಇಸಿಜಿಗೆ ಒಪ್ಪಿಗೆ ಕೊಟ್ಟದ್ದು ಬಡಿತದ ಲಯ ಗುರುತಿಸಲು ಮಾತ್ರ. ಈ ವಾಚು ಹೃದಯಾಘಾತವನ್ನು ಪತ್ತೆ ಮಾಡಲಾರದು ಎಂದು ತಯಾರಿಸಿದವರೇ ಹೇಳುತ್ತಾರೆ. ‘ಸೈನಸ್ ರಿದಮ್’ ಎಂದರೆ ಬಡಿತ ತಾಳ ತಪ್ಪಿಲ್ಲ ಎಂದಷ್ಟೇ ಅರ್ಥ. ರಕ್ತನಾಳ ಕಟ್ಟಿಕೊಂಡಿದ್ದರೂ ಹೃದಯ ತಾಳ ತಪ್ಪದೆ ಬಡಿಯಬಲ್ಲದು.

ಇಷ್ಟು ಹೇಳಿದರೆ, ‘ವೈದ್ಯರೇ ಇಲ್ಲದ ಊರಿನಲ್ಲಿ ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ ಬಿಡಿ’ ಎಂಬ ಆಕ್ಷೇಪ ಬರುತ್ತದೆ. ಏನೂ ಇಲ್ಲದವನು ಭಯಪಟ್ಟು ವಾಹನ ಹುಡುಕುತ್ತಾನೆ, ತಪ್ಪು ಧೈರ್ಯ ಸಿಕ್ಕವನು ಮನೆಯಲ್ಲೇ ಕೂರುತ್ತಾನೆ. ಕಟ್ಟಿಕೊಂಡ ನಾಳವನ್ನು ತೆರೆಯುವ ಚಿಕಿತ್ಸೆಯಲ್ಲಿ ಮೊದಲ ಗಂಟೆಗಳಿಗೆ ಇರುವ ಬೆಲೆ ಆಮೇಲಿನವಕ್ಕಿಲ್ಲ. ಸುಳ್ಳು ಸಮಾಧಾನ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪಟ್ಟಿಯಿಲ್ಲದೆ ಬಿಪಿ ನೋಡುತ್ತೇವೆಂದ ಆ್ಯಪ್ ಒಂದರ ಉದಾಹರಣೆಯಿದೆ. ಕ್ಯಾಮೆರಾ ಮೇಲೆ ಬೆರಳಿಟ್ಟು ಫೋನನ್ನು ಎದೆಗೆ ಒತ್ತಿ ಹಿಡಿಯಬೇಕಿದ್ದ ಆ ಆ್ಯಪ್ ಅಮೆರಿಕದಲ್ಲಿ 2014–15ರಲ್ಲಿ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2016ರಲ್ಲಿ ಸಂಶೋಧಕರು ಪರೀಕ್ಷಿಸಿದಾಗ, ಬಿಪಿ ಹೆಚ್ಚಿದ್ದ ಐವರಲ್ಲಿ ಸುಮಾರು ನಾಲ್ವರಿಗೆ ಅದು ಬಿಪಿ ಹೆಚ್ಚಿಲ್ಲವೆಂದೇ ಹೇಳಿತ್ತು. ಬೆರಳು ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು 2024ರ ಫೆಬ್ರುವರಿಯಲ್ಲಿ ಅಮೆರಿಕದ ಅದೇ ಸಂಸ್ಥೆ ಎಚ್ಚರಿಸಿತು. ಅಂಥ ಒಂದಕ್ಕೂ ಅದು ಅನುಮತಿ ಕೊಟ್ಟಿರಲಿಲ್ಲ. ಇನ್ಸುಲಿನ್ ಪ್ರಮಾಣವನ್ನು ಆ ಅಂಕಿ ನೋಡಿ ನಿರ್ಧರಿಸಿದರೆ ಏನಾಗಬಹುದೆಂದು ಸಕ್ಕರೆ ಕಾಯಿಲೆಯವರಿರುವ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಇವುಗಳಂತಲ್ಲ, ಅದು ನಿಜವಾದ ವೈದ್ಯಕೀಯ ಸಾಧನ. ಆದರೂ 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತದ ಆಮ್ಲಜನಕ ಕುಸಿದಿದ್ದರೂ ಯಂತ್ರ ಸರಿಯಾದ ಅಂಕಿಯನ್ನೇ ತೋರಿಸುವುದು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡುಬಂತು. ಬೆಳಕು ಚರ್ಮವನ್ನು ದಾಟಿಯೇ ರಕ್ತವನ್ನು ತಲುಪಬೇಕಲ್ಲ. ಕಪ್ಪು, ಗೋಧಿ ಮೈಬಣ್ಣದವರೇ ಹೆಚ್ಚಿರುವ ನಮಗೆ ಇದು ದೂರದ ದೇಶದ ಸುದ್ದಿಯಾಗಿ ಉಳಿಯಬಾರದು.

ಹಾಗೆಂದು ಈ ತಂತ್ರಜ್ಞಾನವನ್ನೇ ಶಂಕಿಸುವವರ ಪಕ್ಷ ನನ್ನದಲ್ಲ. ಹಳ್ಳಿಗೆ ಡಿಜಿಟಲ್ ವೈದ್ಯಕೀಯ ಒಗ್ಗುವುದಿಲ್ಲ ಎಂಬ ಮಾತೂ ಅಷ್ಟೇ ತಪ್ಪು. ಅದನ್ನು ಕರ್ನಾಟಕವೇ ಸುಳ್ಳು ಮಾಡಿ ತೋರಿಸಿದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಕಾಯಿಲೆಯೊಂದಿದೆ. ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಕಣ್ಣು ಪರೀಕ್ಷಿಸದೆ ಬಿಟ್ಟರೆ ಮಗು ಬದುಕಿಡೀ ಕುರುಡಾಗಬಹುದು. ಇದನ್ನು ನೋಡಬಲ್ಲ ತಜ್ಞರು ಬೆರಳೆಣಿಕೆಯಷ್ಟು, ಅವರೂ ದೊಡ್ಡ ನಗರಗಳಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್ರಾಪ್’ ಕಾರ್ಯಕ್ರಮದಲ್ಲಿ, ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ, ತಾಲ್ಲೂಕುಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಮಗುವಿನ ಕಣ್ಣಿನ ಒಳಚಿತ್ರ ತೆಗೆದು ಕಳಿಸಿದರೆ ತಜ್ಞರು ಅದನ್ನು ತಮ್ಮ ಫೋನಿನಲ್ಲೇ ನೋಡಿ ಹೇಳುತ್ತಾರೆ. ಬೇಕಾದ ಮಗುವಿಗೆ ಲೇಸರ್ ಚಿಕಿತ್ಸೆ ಸಿಗುತ್ತದೆ. 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ದಾರಿಯೂ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ತಲುಪುತ್ತದೆ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ, ಆಮೇಲೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಈ ಎರಡರಲ್ಲೂ ಫೋನು, ಅಂತರ್ಜಾಲ ಮಾಡುವ ಕೆಲಸ ಟಪಾಲಿನವನದು. ಈಚೆ ತುದಿಯಲ್ಲಿ ಚಿತ್ರವನ್ನು ಸರಿಯಾಗಿ ತೆಗೆಯಲು ಕಲಿತ ಕೈಯಿದೆ, ಆಚೆ ತುದಿಯಲ್ಲಿ ಓದಬಲ್ಲ ಕಣ್ಣಿದೆ, ಉತ್ತರ ಬಂದ ಮೇಲೆ ಕೊಡಲು ಔಷಧವಿದೆ. ಮಣಿಕಟ್ಟಿನ ವಾಚಿಗೆ ಈ ಮೂರರಲ್ಲಿ ಒಂದೂ ಇಲ್ಲ. ಮುಂದೆ ಕೃತಕ ಬುದ್ಧಿಮತ್ತೆ ಎಲ್ಲವನ್ನೂ ಓದುತ್ತದೆ ಎನ್ನುವವರಿದ್ದಾರೆ. ಹೃದಯ ಜ್ಯೋತಿಯಲ್ಲೂ ಇಸಿಜಿ ಓದಲು ಅದರ ನೆರವಿದೆ. ಆದರೆ ಅದು ಓದುವುದು ಹನ್ನೆರಡು ಗೆರೆಗಳನ್ನು. ಬರೆಯದೇ ಉಳಿದ ಹನ್ನೊಂದು ಗೆರೆಗಳನ್ನು ಊಹಿಸಿ ಹೇಳು ಎಂದು ಪ್ರಾಣಸಂಕಟದ ಹೊತ್ತಿನಲ್ಲಿ ಯಾವ ಬುದ್ಧಿಮತ್ತೆಯನ್ನೂ ಕೇಳಬಾರದು.

ವಾಚು ಜೀವ ಉಳಿಸಿದ ಸುದ್ದಿಗಳೂ ಬರುತ್ತವಲ್ಲ ಎಂದರೆ, ಬರುತ್ತವೆ, ಅವನ್ನು ನಾನು ಅಲ್ಲಗಳೆಯುವುದಿಲ್ಲ. ಅವುಗಳಲ್ಲಿ ಹಲವು ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದ ದೋಷಕ್ಕೆ ಸಂಬಂಧಿಸಿದವು. ಅದರಲ್ಲಿ ಹೃದಯದ ಮೇಲಿನ ಕೋಣೆಗಳು ಅದಿರುತ್ತವೆ, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು. 4,19,297 ಮಂದಿಯನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಶೇ 0.52ರಷ್ಟು ಜನರಿಗೆ ವಾಚು ‘ನಾಡಿ ತಾಳ ತಪ್ಪಿದೆ’ ಎಂದು ಸೂಚಿಸಿತು. ಅವರಲ್ಲಿ, ಆಮೇಲೆ ಎದೆಗೆ ಪಟ್ಟಿ ಅಂಟಿಸಿಕೊಂಡು ಪರೀಕ್ಷೆ ಪೂರೈಸಿದ 450 ಮಂದಿಯ ಪೈಕಿ ಶೇ 34ರಷ್ಟು ಜನರಲ್ಲಿ ದೋಷ ದಾಖಲಾಯಿತು. ಈ ದೋಷ ಬಂದು ಹೋಗುವಂಥದ್ದು, ಆದ್ದರಿಂದ ಉಳಿದವರದೆಲ್ಲ ಸುಳ್ಳು ಎಚ್ಚರಿಕೆಯೆಂದೂ ಹೇಳಲಾಗದು. ವಾಚಿನ ನಿಜವಾದ ಉಪಯೋಗವಿರುವುದು ಇಲ್ಲೇ. ಎದೆ ಡವಡವ ಹೊಡೆದುಕೊಂಡು ಹತ್ತು ನಿಮಿಷಕ್ಕೆ ತಣ್ಣಗಾಗುವವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಲ್ಲಿನ ಯಂತ್ರಕ್ಕೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಆ ಹತ್ತು ನಿಮಿಷದಲ್ಲಿ ವಾಚು ಬರೆದಿಟ್ಟ ಗೆರೆಯನ್ನು ಅಳಿಸದೆ ವೈದ್ಯರ ಮುಂದಿಡಬೇಕು. ಎದೆ ಹಿಂಡುತ್ತಿದ್ದರೆ, ದವಡೆಗೋ ತೋಳಿಗೋ ನೋವು ಹರಿಯುತ್ತಿದ್ದರೆ, ತಣ್ಣನೆಯ ಬೆವರು ಬರುತ್ತಿದ್ದರೆ ವಾಚಿನ ಗೆರೆ ಹೇಗೇ ಇರಲಿ, 108ಕ್ಕೆ ಕರೆ ಮಾಡಿ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಬೇಕು.