ಐಫೋನಿಗೆ ಎಂಎಂಎಸ್ ತಡವಾಗಿ ಬಂದಿದ್ದೇಕೆ?

ಸಾಧಾರಣ ಬೆಲೆಯ ಕ್ಯಾಮೆರಾ ಫೋನುಗಳೂ ಚಿತ್ರಸಂದೇಶ ರವಾನಿಸುತ್ತಿದ್ದ ಕಾಲವದು. ಆದರೆ 2007ರ ಜೂನ್ 29ರಂದು ಅಮೆರಿಕದ ಮಾರುಕಟ್ಟೆಗೆ ಬಂದ ಆಪಲ್ ಐಫೋನಿನಲ್ಲಿ ಎಂಎಂಎಸ್ ಸೌಲಭ್ಯವೇ ಇರಲಿಲ್ಲ. 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಇ-ಮೇಲ್ ಮೂಲಕವೇ ಕಳುಹಿಸಬೇಕಿತ್ತು. ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ 2008ರ ಆಗಸ್ಟ್ 22ರಂದು ಭಾರತ ಪ್ರವೇಶಿಸಿದ ಐಫೋನ್ 3ಜಿಯಲ್ಲೂ ಆರಂಭದಲ್ಲಿ ಇದೇ ಕೊರತೆ ಇತ್ತು. ದುಬಾರಿ ಫೋನಿಗೆ ಇಷ್ಟು ಸಣ್ಣ ಸೌಲಭ್ಯ ಏಕೆ ದಕ್ಕಲಿಲ್ಲ? ಉತ್ತರ ಫೋನಿನ ಒಳಗಷ್ಟೇ ಇಲ್ಲ. ದೂರಸಂಪರ್ಕ ಜಾಲದಲ್ಲಿ ಮತ್ತು ವ್ಯವಹಾರದ ಲೆಕ್ಕಾಚಾರದಲ್ಲೂ ಇದೆ.

ಸಂದೇಶದ ಸುತ್ತುದಾರಿ

ಒಂದು ಎಸ್ಸೆಮ್ಮೆಸ್‌ನ ಗಾತ್ರ ಗರಿಷ್ಠ 140 ಬೈಟ್. ಅದರಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸಿದರೆ, ಕನ್ನಡ ಲಿಪಿಯ ಸಂಕೇತಗಳು 70 ಮಾತ್ರ. ಚಿತ್ರಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಎಂಎಂಎಸ್ ಬೇರೆ ದಾರಿ ಹಿಡಿಯುತ್ತದೆ. ಕಳುಹಿಸುವವರ ಫೋನು ಚಿತ್ರವನ್ನು ಡೇಟಾ ಸಂಪರ್ಕದ ಮೂಲಕ ದೂರಸಂಪರ್ಕ ಸಂಸ್ಥೆಯ ಎಂಎಂಎಸ್ ಕೇಂದ್ರಕ್ಕೆ ಏರಿಸುತ್ತದೆ. ‘ನಿಮಗೊಂದು ಸಂದೇಶವಿದೆ’ ಎಂಬ ಸೂಚನೆ ಎಸ್ಸೆಮ್ಮೆಸ್ ರೂಪದಲ್ಲಿ ಸ್ವೀಕರಿಸುವವರ ಫೋನಿಗೆ ತಲುಪುತ್ತದೆ. ಆ ಫೋನು ಮತ್ತೆ ಡೇಟಾ ಸಂಪರ್ಕ ಬಳಸಿ ಚಿತ್ರವನ್ನು ಇಳಿಸಿಕೊಳ್ಳುತ್ತದೆ.

ಇಬ್ಬರೂ ಬೇರೆ ಬೇರೆ ಸಂಸ್ಥೆಗಳ ಗ್ರಾಹಕರಾಗಿದ್ದರೆ ಎರಡು ಕೇಂದ್ರಗಳ ನಡುವೆ ವಿನಿಮಯ ನಡೆಯಬೇಕು. ಅದಕ್ಕೆ ಸಂಸ್ಥೆಗಳ ನಡುವೆ ಒಪ್ಪಂದವೂ ಬೇಕು. ಇದಲ್ಲದೆ, ಸ್ವೀಕರಿಸುವ ಹ್ಯಾಂಡ್‌ಸೆಟ್ಟಿನ ಸಾಮರ್ಥ್ಯವನ್ನೂ ಕೇಂದ್ರ ಪರಿಶೀಲಿಸುತ್ತದೆ. ಅಗತ್ಯವಿದ್ದರೆ ಚಿತ್ರವನ್ನು ಕುಗ್ಗಿಸುತ್ತದೆ. ಫೋನಿಗೆ ಎಂಎಂಎಸ್ ಇಲ್ಲವೆಂದಾದರೆ ವೆಬ್ ವಿಳಾಸವೊಂದನ್ನು ರವಾನಿಸುತ್ತದೆ. ಅಮೆರಿಕದ ಐಫೋನ್ ಗ್ರಾಹಕರು ಎರಡು ವರ್ಷ ಅನುಭವಿಸಿದ್ದು ಇದನ್ನೇ. ಬಂಧುಗಳು ಕಳುಹಿಸಿದ ಚಿತ್ರ ನೋಡಲು ವೆಬ್ ಪುಟಕ್ಕೆ ಹೋಗಿ ಸಂಕೇತಾಕ್ಷರಗಳನ್ನು ತುಂಬಬೇಕಿತ್ತು.

ತಂತ್ರಾಂಶ ಸಿದ್ಧ, ಜಾಲ ಸಿದ್ಧವಿಲ್ಲ

2009ರ ಜೂನ್ 17ರಂದು ಬಿಡುಗಡೆಯಾದ ಐಫೋನ್ ಓಎಸ್ 3.0 ತಂತ್ರಾಂಶದಲ್ಲಿ ಎಂಎಂಎಸ್ ಸೇರ್ಪಡೆಯಾಯಿತು. ಹಲವು ದೇಶಗಳ ಸಂಸ್ಥೆಗಳು ಆಗಲೇ ಸಜ್ಜಾಗಿದ್ದವು. ಆದರೆ ಆಪಲ್‌ನ ತವರಿನಲ್ಲಿ ಐಫೋನ್ ಮಾರುವ ಏಕೈಕ ಹಕ್ಕು ಪಡೆದಿದ್ದ ಎಟಿ ಅಂಡ್ ಟಿ ಸಿದ್ಧವಿರಲಿಲ್ಲ. ಅಲ್ಲಿ ಸೇವೆ ಆರಂಭವಾಗಿದ್ದು ಸೆಪ್ಟೆಂಬರ್ 25ರಂದು. ಭಾರೀ ಪ್ರಮಾಣದ ಸಂದೇಶಗಳನ್ನು ತಾಳುವಂತೆ ಜಾಲವನ್ನು ಬಲಪಡಿಸಬೇಕಿತ್ತು ಎಂಬುದು ಸಂಸ್ಥೆ ನೀಡಿದ ಕಾರಣ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಕರೆ ಕಡಿತದ ದೂರುಗಳು ಆಗಲೇ ಹೆಚ್ಚಿದ್ದವು. 2007ರ ಮೂಲ ಐಫೋನಿಗಂತೂ ಆಪಲ್ ಈ ಸೌಲಭ್ಯವನ್ನು ಕೊಡಲೇ ಇಲ್ಲ.

ವ್ಯವಹಾರದ ತೊಡಕನ್ನೂ ಗಮನಿಸಬೇಕು. ಎಸ್ಸೆಮ್ಮೆಸ್ ಪ್ಯಾಕೇಜ್ ಪಡೆದಿದ್ದವರಿಗೆ ಎಂಎಂಎಸ್‌ಗಾಗಿ ಪ್ರತ್ಯೇಕ ಶುಲ್ಕವಿರಲಿಲ್ಲ. ಜಾಲದ ವೆಚ್ಚ ಏರುತ್ತದೆ, ಆದಾಯ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಇನ್ನೊಂದೆಡೆ, ಗ್ರಾಹಕರಿಗೆ ಬೇರೆ ಆಯ್ಕೆಯೂ ಇರಲಿಲ್ಲ. 2011ರ ಫೆಬ್ರವರಿಯಲ್ಲಿ ವೆರೈಝನ್ ಐಫೋನ್ ಮಾರಲಾರಂಭಿಸುವವರೆಗೆ ಈ ಏಕಸ್ವಾಮ್ಯ ಮುಂದುವರಿಯಿತು.

ಮುಗಿಯದ ಕಥೆ

2009ರಲ್ಲಿ ಆರಂಭವಾದ ವಾಟ್ಸ್ಆ್ಯಪ್ ಹಾಗೂ 2011ರ ಅಕ್ಟೋಬರ್‌ನಲ್ಲಿ ಬಂದ ಆಪಲ್‌ನ ಐಮೆಸೇಜ್, ದೂರಸಂಪರ್ಕ ಸಂಸ್ಥೆಗಳ ಎಂಎಂಎಸ್ ಕೇಂದ್ರವನ್ನು ಬದಿಗಿಟ್ಟು ನೇರವಾಗಿ ಇಂಟರ್‌ನೆಟ್ ಮೂಲಕ ಚಿತ್ರ ಸಾಗಿಸಿದವು. ಭಾರತೀಯರು ಬಹುಪಾಲು ವಾಟ್ಸ್ಆ್ಯಪ್‌ನತ್ತ ವಾಲಿದರು. ಆದರೆ ಅಮೆರಿಕದಲ್ಲಿ ಐಫೋನ್ ಮತ್ತು ಆಂಡ್ರಾಯ್ಡ್ ಫೋನುಗಳ ನಡುವಣ ಚಿತ್ರಸಂದೇಶಕ್ಕೆ ಎಂಎಂಎಸ್ ಆಸರೆಯಾಗಿಯೇ ಉಳಿಯಿತು. ಕುಗ್ಗಿಸಿದ, ಮಸುಕಾದ ವಿಡಿಯೊಗಳಿಗೆ ಇದೇ ಕಾರಣ. 2024ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆಪಲ್ ವಿರುದ್ಧ ಹೂಡಿದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಸಂದೇಶ ವಿನಿಮಯದ ಈ ತಾರತಮ್ಯವೂ ಒಂದು ಆರೋಪ.

2024ರ ಸೆಪ್ಟೆಂಬರ್‌ನಲ್ಲಿ ಐಓಎಸ್ 18 ಮೂಲಕ ಆಪಲ್, ಎಂಎಂಎಸ್‌ನ ಉತ್ತರಾಧಿಕಾರಿ ಎನ್ನಲಾದ ಆರ್‌ಸಿಎಸ್ ಅನ್ನು ಅಳವಡಿಸಿಕೊಂಡಿತು. ಆದರೆ ಐಫೋನಿನಲ್ಲಿ ಅದು ಕೆಲಸ ಮಾಡಬೇಕಾದರೆ ಗ್ರಾಹಕರ ದೂರಸಂಪರ್ಕ ಸಂಸ್ಥೆಯೂ ಅದನ್ನು ಬೆಂಬಲಿಸಬೇಕು. ಫೋನಿನಲ್ಲಿ ಸೌಲಭ್ಯವಿದ್ದರಷ್ಟೇ ಸಾಲದು, ಜಾಲದ ಒಡೆಯನ ಒಪ್ಪಿಗೆಯೂ ಬೇಕು ಎಂಬ 2009ರ ಪಾಠ ಇಂದಿಗೂ ಹಳತಾಗಿಲ್ಲ.